ಅಡಿಕೆ ಒಲೆಯ ಬೆಳಕು

ಘಟ್ಟದ ಕೆಳಗೆ ಹೊರಟವರಿಗೆ ಚಳಿಯ ನೆನಪಿರುವುದಿಲ್ಲ. ಡಿಸೆಂಬರ್ ತಿಂಗಳಲ್ಲೂ ಮಂಗಳೂರಿನಲ್ಲಿ ಬೆವರು ಒರೆಸಿಕೊಳ್ಳುತ್ತ ನಡೆಯಬೇಕು. ಅಮ್ಮನನ್ನು ಡಾಕ್ಟರಿಗೆ ತೋರಿಸಲೆಂದು ಶೃಂಗೇರಿ ಬಳಿಯ ನಮ್ಮ ಮೆಣಸೆಯಿಂದ ಬೆಳಗಿನ ಜಾವ ಹೊರಟಾಗ ಅವಳು ಶಾಲು ಹೊದ್ದೇ ಕಾರು ಹತ್ತಿದ್ದಳು. ಅಲ್ಲಿನ ಸೆಕೆಗೆ ಅದನ್ನು ಮಡಿಸಿ ಆಸ್ಪತ್ರೆಯ ಬೆಂಚಿನ ಮೇಲಿಟ್ಟವಳು ಅಲ್ಲೇ ಮರೆತಳು. ವಾಪಸು ಬರುವಾಗ ಮೈಮೇಲೆ ಇದ್ದದ್ದು ತೆಳ್ಳನೆಯ ನೂಲಿನ ಸೀರೆ.

ಕಾರ್ಕಳ ದಾಟಿ, ಮಾಳ ಘಾಟಿ ಹತ್ತಿ, ಎಸ್.ಕೆ. ಬಾರ್ಡರ್ ಮುಟ್ಟುವಾಗ ಕತ್ತಲಾಗಿ ಬಹಳ ಹೊತ್ತಾಗಿತ್ತು. ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ ಅದು. ಜಿಲ್ಲೆಯ ಹೆಸರು ಹೋದರೂ ಗಡಿಯ ಹೆಸರು ಜನರ ಬಾಯಲ್ಲಿ ಉಳಿದಿದೆ. ಅಲ್ಲಿಂದ ಒಂದು ದಾರಿ ಕುದುರೆಮುಖಕ್ಕೆ, ಇನ್ನೊಂದು ಕೆರೆಕಟ್ಟೆ, ನೆಮ್ಮಾರಿನ ಮೇಲೆ ಶೃಂಗೇರಿಗೆ. ಲೆಕ್ಕಕ್ಕೆ 169ನೇ ರಾಷ್ಟ್ರೀಯ ಹೆದ್ದಾರಿ. ರಾತ್ರಿ ಮಾತ್ರ ಅದು ಎರಡು ಕಾಡುಗಳ ನಡುವಿನ ಒಂದು ಓಣಿ. ಎದುರಿಗೆ ಕಾಡುಕೋಣ ಬಂದರೂ ಬರಬಹುದು, ಇನ್ನೊಂದು ಗಾಡಿ ಬರುತ್ತದೆಂಬ ಭರವಸೆ ಇಲ್ಲ. ಮೊಬೈಲಿನಲ್ಲಿ ಒಂದು ಗೆರೆ ಸಿಗ್ನಲ್ ಕೂಡ ಇರಲಿಲ್ಲ.

ಕೆರೆಕಟ್ಟೆ ದಾಟಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿತು. ಬಾನೆಟ್ ಒಳಗೆ ಏನೋ ಪಟಪಟ ಬಡಿದು ಸುಮ್ಮನಾಯಿತು. ಬೆಲ್ಟ್ ಹರಿದಿತ್ತು. ನಮ್ಮ ಹಳೆಯ ಕಾರಿನಲ್ಲಿ ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ತಿರುಗಿಸುತ್ತಿದ್ದದ್ದು ಆ ಒಂದೇ ಬೆಲ್ಟ್. ಮುಂದೆ ಓಡಿಸಿದರೆ ಎಂಜಿನ್ ಕಾಯ್ದು ಕೆಡುತ್ತದೆ, ದೀಪ ಹಾಕಿಕೊಂಡು ನಿಂತರೆ ಬ್ಯಾಟರಿ ಇಳಿಯುತ್ತದೆ. ಮಂಜಿನಲ್ಲಿ ಹೆಡ್‌ಲೈಟು ಹಳದಿಯಾಗುತ್ತ ಬಂತು. ರಸ್ತೆಯ ಅಂಚಿಗೆ ಸರಿಸಿ ನಿಲ್ಲಿಸಿದೆ.

ಮಲೆನಾಡಿನ ಚಳಿಯನ್ನು ಥರ್ಮಾಮೀಟರಿನ ಅಂಕಿಯಲ್ಲಿ ಹೇಳಿದರೆ ಯಾರೂ ಹೆದರುವುದಿಲ್ಲ. ಬೆಂಗಳೂರಿನಲ್ಲೇ 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದದ್ದುಂಟು. ನೀರು ಹೆಪ್ಪುಗಟ್ಟದ ಚಳಿ ಮನುಷ್ಯನನ್ನು ಏನು ಮಾಡೀತು ಎಂದು ನಾನೂ ತಿಳಿದಿದ್ದೆ. ಆದರೆ ಆಕಾಶ ತಿಳಿಯಾದ ರಾತ್ರಿ ನೆಲದ ಬಿಸಿಯೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ಗುಡ್ಡದ ಮೈಯಲ್ಲಿ ತಣಿದ ಗಾಳಿ ಭಾರವಾಗಿ ನೀರಿನಂತೆ ಕೆಳಗೆ ಜಾರಿ, ಹಳ್ಳ, ತೋಟ, ತುಂಗೆಯ ಬದಿಯ ತಗ್ಗುಗಳಲ್ಲಿ ಮಡುಗಟ್ಟಿ ನಿಲ್ಲುತ್ತದೆ. ನಮ್ಮ ಕಾರು ನಿಂತದ್ದು ಅಂಥ ತಗ್ಗಿನಲ್ಲೇ. ಹತ್ತಿಪ್ಪತ್ತು ನಿಮಿಷದಲ್ಲಿ ಒಳಗಿನ ಬಿಸಿ ಆರಿತು. ತಗಡು ತಣ್ಣಗಾಯಿತು, ಸೀಟು ತಣ್ಣಗಾಯಿತು. ಗಾಜಿನ ಒಳಮೈ ತುಂಬ ನಮ್ಮಿಬ್ಬರ ಉಸಿರು ಹನಿಗಟ್ಟಿತು.

ಮೊದಮೊದಲು ಅಮ್ಮ ಮಾತಾಡುತ್ತಿದ್ದಳು. ಮನೆಯಲ್ಲಿ ದನಕ್ಕೆ ಹುಲ್ಲು ಹಾಕಿದರೋ ಇಲ್ಲವೋ ಎಂದಳು. ಆಮೇಲೆ ಹಲ್ಲು ಕಟಕಟ ಎನ್ನತೊಡಗಿತು. ಆಮೇಲೆ ಸುಮ್ಮನಾದಳು. ಕೈ ಹಿಡಿದು ನೋಡಿದೆ, ಬೆರಳು ಕಟ್ಟಿಗೆಯಂತಿದ್ದವು. ಔಷಧದ ಚೀಟಿ ಕೊಡು ಎಂದರೆ ಚೀಲದ ಜಿಪ್ಪು ಎಳೆಯಲು ಅವಳಿಗೆ ಆಗಲಿಲ್ಲ. ದೇಹದ ಒಳಗಿನ ಬಿಸಿ 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ, ಬೆರಳು ಮಾತು ಕೇಳದಿರುವುದು, ಮಾತು ತೊದಲುವುದು, ಮಂಕಾಗುವುದು ಅದರ ಸೂಚನೆ, ವಯಸ್ಸಾದವರಿಗೆ ಹಿಮವೇ ಬೀಳಬೇಕೆಂದಿಲ್ಲ ಎಂಬುದೆಲ್ಲ ನಾನು ಆಮೇಲೆ ತಿಳಿದದ್ದು. ಆ ಹೊತ್ತಿಗೆ ತಿಳಿದದ್ದು ಇಷ್ಟೇ: ಅಮ್ಮ ಸುಮ್ಮನಿರುವವಳಲ್ಲ.

ಹಿಂದಿನ ಸೀಟಿನಲ್ಲಿ ಹಳೆಯ ಪೇಪರಿನ ಕಟ್ಟು ಇತ್ತು. ಲಾರಿಯವರು ಅಂಗಿಯೊಳಗೆ ಪೇಪರು ಸಿಕ್ಕಿಸಿಕೊಳ್ಳುವುದನ್ನು ಹುಡುಗನಾಗಿದ್ದಾಗ ನೋಡಿದ್ದೆ. ನಾಲ್ಕು ಮಡಿಕೆ ಮಾಡಿ ಅಮ್ಮನ ಬೆನ್ನಿಗೆ, ಎದೆಗೆ, ಕಾಲಿಗೆ ಸುತ್ತಿ ಸೆರಗಿನಿಂದ ಬಿಗಿದೆ. ಕಾಲಡಿಯ ಮ್ಯಾಟು ಎತ್ತಿ ಮಡಿಲ ಮೇಲೆ ಹೊದೆಸಿದೆ. ಚಳಿ ತಡೆಯುವುದು ಕಾಗದವಲ್ಲ, ಕಾಗದದ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಕಂಬಳಿಯ ಗುಟ್ಟೂ ಅದೇ.

ಅಷ್ಟರಲ್ಲಿ ಮಂಜು ಒಂದು ಮಗ್ಗುಲಿಗೆ ಸರಿಯಿತು. ಗುಡ್ಡದ ಬದಿಯಲ್ಲಿ, ತೋಟದಾಚೆ, ಒಂದು ಕೆಂಪು ಬೆಳಕು. ವಿದ್ಯುತ್ ದೀಪದ ಬಿಳುಪಲ್ಲ; ಬೆಂಕಿ. ಎಲ್ಲೋ ಅಡಿಕೆ ಬೇಯುತ್ತಿತ್ತು.

ಅಮ್ಮನನ್ನು ಆತುಕೊಂಡು ದಣಪೆ ದಾಟಿ ಹತ್ತಿದೆ. ನಾಯಿ ಬೊಗಳಿತು. “ಯಾರದು?” ಎಂದು ಒಬ್ಬರು ಟಾರ್ಚು ಹಿಡಿದು ಬಂದರು. ಗಾಡಿ ಹಾಳಾಗಿದೆ ಎನ್ನುವಷ್ಟರಲ್ಲಿ ಮನೆಯ ಹೆಂಗಸು ಅಮ್ಮನ ಕೈ ಹಿಡಿದಾಗಿತ್ತು. “ಕಥೆ ಆಮೇಲೆ ಹೇಳಿ ಮಾರಾಯ್ರೆ, ಮೊದ್ಲು ಇವ್ರನ್ನ ಒಲೆ ಹತ್ರ ಕೂರ್ಸಿ.”

ಆ ಅಂಗಳ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ದೊಡ್ಡ ಹಂಡೆಯಲ್ಲಿ ಚೊಗರು ಕುದಿಯುತ್ತಿತ್ತು, ಕಂದುಗೆಂಪು ನೊರೆ ಅಂಚಿಗೆ ಬಂದು ಒಡೆಯುತ್ತಿತ್ತು. ಅದರ ಒಗರು ವಾಸನೆ ಹೊಗೆಯೊಂದಿಗೆ ಮೂಗಿಗೆ ಏರುತ್ತಿತ್ತು. ಆಚೆ ಆರೇಳು ಜನ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತಿದ್ದರು. ಕಾಯಿಯನ್ನು ಅಲಗಿಗೆ ಒತ್ತಿ ಒಂದು ಸೀಳು, ತಿರುಗಿಸಿ ಇನ್ನೊಂದು. ಸಿಪ್ಪೆ ಹಿಂದಕ್ಕೆ, ಅಡಿಕೆ ಬುಟ್ಟಿಗೆ. ಒಬ್ಬಾಕೆ ಸುಲಿಯುವ ಕೈ ನಿಲ್ಲಿಸದೆಯೇ ತನ್ನ ಹೆಗಲ ಕಂಬಳಿಯನ್ನು ಅಮ್ಮನ ಕಡೆ ಜಾರಿಸಿದಳು. ಅಮ್ಮನ ಪಾದಕ್ಕೆ ಬಿಸಿನೀರು ಸುರಿಯಲು ಹೋದ ನನ್ನನ್ನು ಮನೆಯವರು ತಡೆದರು. ಮೊದಲು ಮೈ, ಆಮೇಲೆ ಕೈಕಾಲು. ಮರಗಟ್ಟಿದ ಚರ್ಮಕ್ಕೆ ಸುಡುವುದು ತಿಳಿಯುವುದಿಲ್ಲ ಎಂದರು. ಎರಡು ಲೋಟ ಬೆಲ್ಲದ ಕಷಾಯ ಕುಡಿದ ಮೇಲೆ ಅಮ್ಮ, “ಈ ಸಲ ಫಸಲು ಹೇಗೆ?” ಎಂದು ಕೇಳಿದಳು. ನನಗೆ ಅಳು ಬಂತು.

ಈ ಕಥೆಯನ್ನು ಆಮೇಲೆ ಪಕ್ಕದ ಬಿಡಾರದ ಹುಡುಗನಿಗೆ ಹೇಳಿದೆ. ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಆವರಣ ನಮ್ಮ ಮೆಣಸೆಯಲ್ಲೇ ಇರುವುದರಿಂದ ಬೇರೆ ಬೇರೆ ರಾಜ್ಯದ ಮಕ್ಕಳು ಇಲ್ಲಿದ್ದಾರೆ. ಅವನು ಹಿಮಾಚಲದವನು. “ಎಂಜಿನ್ ಓಡಿಸಿ, ಕಿಟಕಿ ಮುಚ್ಚಿ ಮಲಗಲಿಲ್ಲವಲ್ಲ?” ಎಂಬುದು ಅವನ ಮೊದಲ ಪ್ರಶ್ನೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಮುರ್ರೀ ಗಿರಿಧಾಮದ ದಾರಿಯಲ್ಲಿ ಹಿಮಕ್ಕೆ ಸಿಕ್ಕಿ ನಿಂತ ಕಾರುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು, ಮಕ್ಕಳೂ ಸೇರಿ. ಎಲ್ಲರನ್ನೂ ಕೊಂದದ್ದು ಚಳಿಯೊಂದೇ ಅಲ್ಲ. ಹೊಗೆಕೊಳವೆ ಹಿಮದಲ್ಲಿ ಹೂತರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಂತೆ ಬರುತ್ತದೆ. ನಮ್ಮಲ್ಲಿ ಹಿಮ ಬೀಳದಿದ್ದರೂ ಕೆಂಡದ ಬುಟ್ಟಿಯನ್ನು ಕೋಣೆಯೊಳಗಿಟ್ಟು ಬಾಗಿಲು ಮುಚ್ಚಿ ಮಲಗುವವರಿಗೆ ಅದೇ ಅಪಾಯವಿದೆ. ಇನ್ನೊಂದು ಮಾತನ್ನೂ ಅವನು ಹೇಳಿದ: ಚಳಿಗೆಂದು ಹೆಂಡ ಕುಡಿಯಬಾರದು. ಚರ್ಮ ಬೆಚ್ಚಗಾದಂತೆ ಅನಿಸುತ್ತದೆ, ಆದರೆ ಒಳಗಿನ ಬಿಸಿ ಆ ಚರ್ಮದ ಮೂಲಕವೇ ಸೋರಿಹೋಗುತ್ತದೆ.

ಈಗ ಡಿಕ್ಕಿಯಲ್ಲಿ ಕಂಬಳಿ, ಟಾರ್ಚು, ಬೆಂಕಿಪೊಟ್ಟಣ, ಬೆಲ್ಲ, ನೆಲಗಡಲೆ, ಹೆಚ್ಚುವರಿ ಬೆಲ್ಟ್ ಇವೆ. ಲಡಾಖಿನಂಥ ಕಡೆಗೆ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಗಟ್ಟಿಯಾಗದ ಡೀಸೆಲ್ಲನ್ನೇ ತಂದಿದೆ. ಯಂತ್ರಕ್ಕೆ ಬೇಕಾದ್ದನ್ನು ಹೀಗೆ ಹೊಂದಿಸಿಕೊಳ್ಳಬಹುದು. ಆದರೆ ಅಂದು ಅಮ್ಮನನ್ನು ಉಳಿಸಿದ್ದು ಡಿಕ್ಕಿಯ ಸಾಮಾನಲ್ಲ, ಆ ಹೊತ್ತಿನಲ್ಲಿ ಎಚ್ಚರವಿದ್ದ ಒಂದು ಮನೆ.

ಅಂಥ ಎಚ್ಚರ ಈ ಸೀಮೆಯಲ್ಲಿ ಒಂದೊಂದಾಗಿ ಕಡಿಮೆಯಾಗುತ್ತಿದೆ. ಕೊಪ್ಪದ ಸಹಕಾರ ಸಾರಿಗೆ ನೆನಪಾಗುತ್ತದೆ. 1991ರಲ್ಲಿ ಕಾರ್ಮಿಕರೇ ಒಡೆಯರಾಗಿ ಕಟ್ಟಿದ ಬಸ್ ಸಂಸ್ಥೆ ಅದು. ಯಾವ ತಿರುವಿನಲ್ಲಿ ಯಾರ ಮನೆ ಎಂದು ಬಲ್ಲ ಡ್ರೈವರು, ದಾರಿಯಲ್ಲಿ ಯಾರಾದರೂ ನಿಂತಿದ್ದರೆ ಕೇಳದೆ ಮುಂದೆ ಹೋಗದ ಕಂಡಕ್ಟರು. 2020ರಲ್ಲಿ ಅದು ನಿಂತುಹೋಯಿತು. ತೋಟಗಳಿಗೆ ಹಳದಿ ಎಲೆ ರೋಗ ಬಂತು, ಈಗ ಎಲೆಚುಕ್ಕಿ. ಮಕ್ಕಳು ಬೆಂಗಳೂರಿನಲ್ಲಿ. ಉಳಿದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟರೆ ಹಸಿ ಅಡಿಕೆ ಲಾರಿ ಹತ್ತಿ ಹೋಗುತ್ತದೆ, ಎಲ್ಲೋ ಯಂತ್ರ ಸುಲಿಯುತ್ತದೆ. ಲೆಕ್ಕ ಹಾಕಿದರೆ ಅದು ಸರಿಯೇ. ಸುಲಿಯುವವರು ಸಿಗದ ಕಾಲದಲ್ಲಿ ಯಾರನ್ನೂ ದೂರುವಂತಿಲ್ಲ. ಆದರೆ ಚೇಣಿಗೆ ಕೊಟ್ಟ ಮನೆಯಲ್ಲಿ ರಾತ್ರಿ ಒಲೆ ಉರಿಯುವುದಿಲ್ಲ.

ಕಳೆದ ಚಳಿಗಾಲ ಅದೇ ದಾರಿಯಲ್ಲಿ ಬರುವಾಗ ಆ ಮನೆಯ ಕಡೆ ನೋಡಿದೆ. ಕೆಂಪು ಬೆಳಕು ಇರಲಿಲ್ಲ. ಆದರೆ ಅಂಗಳದ ತುದಿಯಲ್ಲಿ, ಗಳುವೊಂದಕ್ಕೆ ಕಟ್ಟಿದ ಬಲ್ಬು ಉರಿಯುತ್ತಿತ್ತು. ಗಾಡಿ ನಿಲ್ಲಿಸಿ ಹತ್ತಿದೆ. ಈ ವರ್ಷ ತೋಟ ಚೇಣಿಗೆ ಕೊಟ್ಟೆವು ಎಂದರು. ಹಾಗಾದರೆ ಇಷ್ಟು ಹೊತ್ತಿನವರೆಗೆ ಹೊರಗಿನ ದೀಪ ಯಾಕೆ ಎಂದು ಕೇಳಿದೆ.

“ಒಲೆ ಇಲ್ವಲ್ಲ,” ಎಂದರು ಆಕೆ. “ದಾರೀಲಿ ನಿಂತವ್ರಿಗೆ ಮನೆ ಉಂಟು ಅಂತ ಗೊತ್ತಾಗೋದು ಹ್ಯಾಂಗೆ?”

ಆ ಬಲ್ಬಿನ ಬೆಳಕು ರಸ್ತೆಯವರೆಗೆ ಬರುವುದಿಲ್ಲ, ದಣಪೆಯ ಹತ್ತಿರವೇ ಮಂಜಿನಲ್ಲಿ ಕರಗುತ್ತದೆ. ಆದರೆ ತಗ್ಗಿನಲ್ಲಿ ನಿಂತ ಗಾಡಿಯಿಂದ ಕಾಣುತ್ತದೆ. ಕೆಳಗಿಳಿದು ಹೋಗಿ, ಕಾರಿನಲ್ಲಿ ಕೂತು, ದೀಪ ಆರಿಸಿ ನೋಡಿದೆ.