ಅತ್ತಿಗುಪ್ಪೆಯಿಂದ ಮಂಗಳೂರಿಗೆ, ಕೆಂಪು ಬಸ್ಸಿನಲ್ಲಿ

ನಮ್ಮ ಅತ್ತಿಗುಪ್ಪೆಯಲ್ಲಿ ಈಗ ಹುಡುಕಿದರೂ ಅತ್ತಿಮರ ಸಿಗುವುದು ಕಷ್ಟ. ಗುಪ್ಪೆ ಎಂದರೆ ರಾಶಿ. ಮರದ ಕೆಳಗೆ ಅತ್ತಿಹಣ್ಣು ಗುಪ್ಪೆಗುಪ್ಪೆಯಾಗಿ ಬಿದ್ದಿರುತ್ತಿತ್ತೇನೋ ಎಂದು ಮೊಮ್ಮಗಳು ಸಿರಿಗೆ ನಾನು ಬಿಡಿಸಿ ಹೇಳುತ್ತೇನೆ. ಅವಳು ನಂಬುವುದಿಲ್ಲ. ಅವಳ ಪಾಲಿಗೆ ಅತ್ತಿಗುಪ್ಪೆ ಎಂದರೆ ನೇರಳೆ ಮೆಟ್ರೊ ಮಾರ್ಗದ ಒಂದು ನಿಲ್ದಾಣ, ಅಷ್ಟೇ. 2015ರ ನವೆಂಬರ್‌ನಲ್ಲಿ ಈ ಮೆಟ್ರೊ ಶುರುವಾದ ಮೇಲೆ ನಮಗೆ ಮೆಜೆಸ್ಟಿಕ್ ಹಿತ್ತಲಿನ ಹಾಗಾಗಿದೆ. ವಿಜಯನಗರ, ಹೊಸಹಳ್ಳಿ, ಮಾಗಡಿ ರಸ್ತೆ, ಸಿಟಿ ರೈಲ್ವೆ ನಿಲ್ದಾಣ, ಆಮೇಲೆ ಮೆಜೆಸ್ಟಿಕ್. ವಿಮಾನ ನಿಲ್ದಾಣ ಮಾತ್ರ ಊರಿನ ಆ ತುದಿಯಲ್ಲಿದೆ. ದೇವನಹಳ್ಳಿಗೆ ಹೋಗಿ ಸೇರುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ.

ಕಳೆದ ವರ್ಷ ಮಂಗಳೂರಿನಲ್ಲಿರುವ ನನ್ನ ಅಕ್ಕ ಬಚ್ಚಲಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅವಳಿಗೆ ಎಂಬತ್ತೆರಡು. ಶಸ್ತ್ರಚಿಕಿತ್ಸೆ ಮರುದಿನ ಹನ್ನೊಂದು ಗಂಟೆಗೆ ಎಂದು ಭಾವ ಫೋನ್ ಮಾಡಿದರು. ಅಕ್ಕ ಫೋನ್ ಕಸಿದುಕೊಂಡು, "ಒಳಗೆ ಕರಕೊಂಡು ಹೋಗೋ ಮೊದಲು ಒಂದ್ಸಲ ನಿನ್ನ ಮುಖ ನೋಡಬೇಕು ಕಣೋ. ಬಂದುಬಿಡು" ಅಂದಳು. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ನನ್ನನ್ನು ಸಾಕಿದವಳು ಈ ಅಕ್ಕನೇ. ಎರಡನೇ ಮಾತಾಡದೆ ಮಧ್ಯಾಹ್ನ ಮೂರೂವರೆಯ ವಿಮಾನಕ್ಕೆ ಮಗನಿಂದ ಟಿಕೆಟ್ ಮಾಡಿಸಿದೆ. ನನ್ನಾಕೆಗೆ ಮಂಡಿನೋವು. ಶಾಲೆಗೆ ರಜೆಯಿದ್ದ ಸಿರಿ ಜೊತೆಗೆ ಹೊರಟಳು. ಅವಳು ಆರನೇ ತರಗತಿ. ಅವಳಿಗೆ ಅದೇ ಮೊದಲ ವಿಮಾನ ಪ್ರಯಾಣ.

ಮೆಜೆಸ್ಟಿಕ್‌ನಲ್ಲಿ ವಾಯುವಜ್ರ ಬಸ್ಸು ಹತ್ತಿ ಒಂದು ಗಂಟೆಯ ಹೊತ್ತಿಗೆ ನಿಲ್ದಾಣದ ಒಳಗೆ ಕಾಲಿಟ್ಟೆವು. ಅಷ್ಟರಲ್ಲಿ ಮೊಬೈಲು ಟಿಣ್ ಎಂದಿತು. "ಕಾರ್ಯಾಚರಣೆಯ ಕಾರಣದಿಂದ ನಿಮ್ಮ ವಿಮಾನ ರದ್ದಾಗಿದೆ." ಕಂಪನಿಯ ಹೆಸರು ಇಲ್ಲಿ ಬೇಡ. ಕೌಂಟರಿನ ಮುಂದೆ ಆಗಲೇ ನೂರು ಜನ ಸೇರಿದ್ದರು. ಸಿಬ್ಬಂದಿ ಒಟ್ಟಾಗಿ ರಜೆ ಹಾಕಿದ್ದಾರಂತೆ ಎಂದು ಅವರಿವರು ಮಾತಾಡಿಕೊಳ್ಳುತ್ತಿದ್ದರು. ಕೌಂಟರಿನವರು ಮಾತ್ರ ಮುಷ್ಕರ ಎಂಬ ಪದವನ್ನು ಬಾಯಿಂದ ಹೊರಡಿಸಲಿಲ್ಲ.

ಇಂಥದ್ದು ಹಿಂದೆಯೂ ನಡೆದಿದೆ. 2024ರ ಮೇ 7ರ ರಾತ್ರಿಯಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಇನ್ನೂರಕ್ಕೂ ಹೆಚ್ಚು ಗಗನಸಖಿಯರು, ಗಗನಸಖರು ಒಂದೇ ಸಲ "ಹುಷಾರಿಲ್ಲ" ಎಂದು ತಿಳಿಸಿ ಕೆಲಸಕ್ಕೆ ಬರಲಿಲ್ಲ. ಮರುದಿನ ಎಂಬತ್ತಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹಿಂತಿರುಗಬೇಕಿದ್ದವರು ನಿಲ್ದಾಣಗಳಲ್ಲೇ ಉಳಿದರು. ಕಂಪನಿ 25 ಜನರನ್ನು ಕೆಲಸದಿಂದ ತೆಗೆಯಿತು. ಮೇ 9ರಂದು ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಎದುರು ಮಾತುಕತೆಯಾಗಿ, ತೆಗೆದವರನ್ನು ಮತ್ತೆ ಸೇರಿಸಿಕೊಳ್ಳಲು ಕಂಪನಿ ಒಪ್ಪಿತು. ಸಿಬ್ಬಂದಿ ಕೆಲಸಕ್ಕೆ ಮರಳಿದರು. ಪತ್ರಿಕೆಯಲ್ಲಿ ಅದನ್ನು ಓದಿದಾಗ, ನನಗೂ ಒಂದು ದಿನ ಹೀಗಾದೀತು ಎಂದುಕೊಂಡಿರಲಿಲ್ಲ. ಆದರೂ ಆಗ ನಿಯಮಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ಗುಮಾಸ್ತನಾಗಿದ್ದವನ ಚಾಳಿ ಅದು. ಸುತ್ತೋಲೆ ಕಂಡರೆ ಕೈ ಸುಮ್ಮನಿರುವುದಿಲ್ಲ.

ನಿಯಮ ಮಾಡುವುದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ವಿಮಾನ ಯಾವ ಕಾರಣಕ್ಕೇ ರದ್ದಾಗಲಿ, ಬದಲಿ ವಿಮಾನ ಅಥವಾ ಪೂರ್ತಿ ಹಣ, ಇವೆರಡರಲ್ಲಿ ಯಾವುದು ಬೇಕೆಂದು ಹೇಳುವುದು ಪ್ರಯಾಣಿಕನ ಹಕ್ಕು. ಬದಲಿ ವಿಮಾನಕ್ಕಾಗಿ ನಿಲ್ದಾಣದಲ್ಲೇ ಕಾಯುವವರಿಗೆ ಕಂಪನಿ ಊಟ ತಿಂಡಿ ಒದಗಿಸಬೇಕು. ಸಮಯಕ್ಕೆ ಸರಿಯಾಗಿ ಮುನ್ಸೂಚನೆ ಕೊಡದೆ ರದ್ದು ಮಾಡಿದರೆ, ಟಿಕೆಟ್ ಹಣದ ಮೇಲೆ ಪರಿಹಾರವೂ ಉಂಟು. ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ಗಂಟೆಯವರೆಗೆ 7,500, ಅದಕ್ಕೂ ಮೇಲ್ಪಟ್ಟು 10,000. ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ. ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಟಿಕೆಟ್ ಮಾಡಿಸುವಾಗ ನಿಮ್ಮ ಫೋನ್ ನಂಬರನ್ನು ಸರಿಯಾಗಿ ಕೊಟ್ಟಿರದಿದ್ದರೆ ಪರಿಹಾರ ಇಲ್ಲ. ಹಿರಿಯರೇ, ಇದನ್ನು ನೆನಪಿಡಿ. ಮೊಮ್ಮಕ್ಕಳು ಟಿಕೆಟ್ ಮಾಡಿಸಿದರೂ ನಂಬರು ನಿಮ್ಮದಿರಲಿ.

ಈ ಪರಿಹಾರಕ್ಕೆ ಒಂದು ವಿನಾಯಿತಿ ಇದೆ. ಪ್ರವಾಹ, ಗಲಭೆ, ಸರ್ಕಾರದ ಆದೇಶ ಮುಂತಾದ ಅಸಾಧಾರಣ ಸಂದರ್ಭಗಳಲ್ಲಿ ಅದನ್ನು ಕೊಡಬೇಕಿಲ್ಲ. ಆ ಪಟ್ಟಿಯಲ್ಲೇ ಮುಷ್ಕರ ಮತ್ತು ಕಾರ್ಮಿಕ ವಿವಾದವೂ ಸೇರಿದೆ. ನನಗೇನೋ ಇದು ಸರಿಕಾಣುವುದಿಲ್ಲ. ಪ್ರವಾಹ ಆಕಾಶದಿಂದ ಬರುತ್ತದೆ. ಸಿಬ್ಬಂದಿಯ ಸಿಟ್ಟು ಆಫೀಸಿನೊಳಗೇ ಹುಟ್ಟುತ್ತದೆ. ಯುರೋಪಿನಲ್ಲಿ ಇದೇ ಪ್ರಶ್ನೆ ಕೋರ್ಟಿನವರೆಗೆ ಹೋಯಿತು. 2016ರಲ್ಲಿ ಜರ್ಮನಿಯ ಟುಯಿಫ್ಲೈ ಕಂಪನಿಯ ಸಿಬ್ಬಂದಿ, ಕಂಪನಿಯನ್ನು ಮಾರ್ಪಡಿಸುವ ಸುದ್ದಿ ಕೇಳಿ ಸಾಲುಸಾಲಾಗಿ ಕಾಯಿಲೆ ರಜೆ ಹಾಕಿದ್ದರು. 2018ರ ಏಪ್ರಿಲ್ 17ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು, ಇದು ಅಸಾಧಾರಣ ಸಂದರ್ಭವಲ್ಲ, ಕಂಪನಿ ನಡೆಸುವುದರಲ್ಲಿ ಬರುವ ಕಷ್ಟಗಳಲ್ಲೇ ಒಂದು, ಪ್ರಯಾಣಿಕರಿಗೆ ಪರಿಹಾರ ಕೊಡಲೇಬೇಕು ಎಂದಿತು. ನಮ್ಮಲ್ಲಿ ಹಾಗಿಲ್ಲ. ಆದರೆ ಮುಷ್ಕರವಾದರೂ ಟಿಕೆಟ್ ಹಣಕ್ಕೆ ಮೋಸವಿಲ್ಲ.

ನನ್ನ ಸರದಿ ಬಂದಾಗ ಕೌಂಟರಿನ ಹುಡುಗಿ, "ಅಂಕಲ್, ನಾಳೆ ಸಂಜೆ ವಿಮಾನದಲ್ಲಿ ಸೀಟು ಕೊಡ್ತೀನಿ. ಇಲ್ಲಾಂದ್ರೆ ನಿಮ್ಮ ದುಡ್ಡನ್ನ ಮುಂದಿನ ಟಿಕೆಟ್‌ಗೆ ಅಂತ ಇಟ್ಟಿರ್ತೀವಿ" ಅಂದಳು. ನಾಳೆ ಸಂಜೆ ನನಗೆ ಯಾವ ಉಪಯೋಗಕ್ಕೆ? "ಇಟ್ಟುಕೊಳ್ಳುವುದು ಬೇಡಮ್ಮ, ಬಂದ ಖಾತೆಗೇ ವಾಪಸ್ ಹಾಕಿ" ಅಂದೆ. ಹಣ ವಾಪಸ್ ಪಡೆಯುವುದೋ ಕಂಪನಿಯಲ್ಲೇ ಬಿಡುವುದೋ ಎಂಬುದೂ ಪ್ರಯಾಣಿಕನ ಇಷ್ಟ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ ಏಳು ದಿನದೊಳಗೆ ಹಿಂತಿರುಗಿಸಬೇಕು. ರದ್ದಾದ ಕಾರಣವನ್ನು ಬರೆದು ಕೊಡಿ ಎಂದೂ ಕೇಳಿದೆ. ಅವಳು ಒಳಗೆ ಹೋಗಿ ಒಂದು ಚೀಟಿ ತಂದಳು. ಅಷ್ಟರಲ್ಲಿ ಸಿರಿ ರದ್ದು ಎಂದು ಕೆಂಪಗೆ ಹೊಳೆಯುತ್ತಿದ್ದ ಫಲಕದ ಫೋಟೊ ತೆಗೆದಿಟ್ಟಳು. ಜಾಣೆ.

ನನ್ನ ಹಿಂದಿದ್ದ ಒಬ್ಬರು ಆ ಹುಡುಗಿಯ ಮೇಲೆ ಏಕವಚನದಲ್ಲಿ ಕೂಗಾಡಿದರು. ಅವಳ ಕಣ್ಣು ತುಂಬಿತ್ತು. ಕೌಂಟರಿನ ಆಚೆ ಬದಿಯಲ್ಲಿ ಕೂತು ಬಂದವನಿಗೆ ಅದು ಗೊತ್ತಾಗುತ್ತದೆ. ಸಿರಿ ಚೀಲದಿಂದ ಅಜ್ಜಿ ಕಟ್ಟಿಕೊಟ್ಟ ಕೋಡುಬಳೆ ತೆಗೆದು ಎರಡು ಕೊಟ್ಟಳು. "ಬೆಳಗ್ಗೆಯಿಂದ ಏನೂ ತಿಂದಿಲ್ಲ ಪುಟ್ಟಿ" ಎಂದು ಅವಳು ಅಲ್ಲೇ ಮುರಿದು ಬಾಯಿಗೆ ಹಾಕಿಕೊಂಡಳು.

ಈಗ ಮಂಗಳೂರು ಸೇರುವುದು ಹೇಗೆ? ಸುಮಾರು 350 ಕಿಲೋಮೀಟರ್. ಹಾಸನದ ಮೇಲೆ ಹೋಗುವ ರಾತ್ರಿ ರೈಲಿನಲ್ಲಿ ಕಾಯುವವರ ಪಟ್ಟಿ ಉದ್ದವಿತ್ತು. ತತ್ಕಾಲ್ ಸಿಗುವುದು ಹಿಂದಿನ ದಿನ. ನಾಲ್ಕು ಜನ ಸೇರಿ ಕಾರು ಮಾಡೋಣ ಎಂದು ಪಕ್ಕದವರು ಕರೆದರು. ಅಪರಿಚಿತರು, ರಾತ್ರಿ, ಘಾಟಿ, ಜೊತೆಗೆ ಮಗು. ಬೇಡವೆಂದೆ. ಐರಾವತದಲ್ಲಿ ಸೀಟಿರಲಿಲ್ಲ. ಕೊನೆಗೆ ಉಳಿದದ್ದು ಕೆಂಪು ಬಸ್ಸು. ಮತ್ತೆ ವಾಯುವಜ್ರ, ಮತ್ತೆ ಮೆಟ್ರೊ, ಮತ್ತೆ ಅತ್ತಿಗುಪ್ಪೆ. ಮನೆಯಲ್ಲಿ ಅನ್ನ ಸಾರು ಉಂಡು ಒಂದೇ ದಿನ ಎರಡನೇ ಸಲ ಹೊರಟೆವು. ಎದುರುಮನೆಯವರು "ಏನ್ ಸಾರ್, ಇಷ್ಟು ಬೇಗ ಹೋಗಿ ಬಂದ್ರಾ?" ಎಂದರು.

ಬಸ್ಸಿನ ಲೆಕ್ಕ ಕೇಳಿ. ಶಕ್ತಿ ಯೋಜನೆಯಲ್ಲಿ ಸಿರಿಗೆ ಟಿಕೆಟ್ ಸೊನ್ನೆ. ಅರವತ್ತು ದಾಟಿದ ನನಗೆ ಶೇಕಡ 25 ರಿಯಾಯಿತಿ. ಆಧಾರ್ ಕಾರ್ಡು ಕೈಯಲ್ಲಿರಬೇಕು, ಅಷ್ಟೇ. ಬಸ್ಸನ್ನೂ ಹೊಗಳುವ ಹಾಗಿಲ್ಲ ಅನ್ನಿ. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಬೇಕೆಂದು ಎರಡು ವಾರ ಮುಷ್ಕರ ಹೂಡಿದ್ದು ನೆನಪಿದೆಯಲ್ಲ?

ಬಸ್ಸು ನೆಲಮಂಗಲ ದಾಟಿದ ಮೇಲೆ ಸಿರಿ ಕೇಳಿದಳು, "ತಾತ, ನೀನೂ ಸ್ಟ್ರೈಕ್ ಮಾಡಿದ್ಯಾ?"

ಮಾಡಿದ್ದೆ. ಎಂಬತ್ತರ ದಶಕದಲ್ಲಿ ಬ್ಯಾಂಕಿಗೆ ಕಂಪ್ಯೂಟರ್ ಬೇಡವೆಂದು ಕೂಗಿದವರಲ್ಲಿ ನಾನೂ ಒಬ್ಬ. ಸಂಬಳ ಪರಿಷ್ಕರಣೆಗೂ ಬಾವುಟ ಹಿಡಿದು ಮೈಸೂರು ಬ್ಯಾಂಕ್ ವೃತ್ತದಲ್ಲಿ ನಿಂತಿದ್ದೇನೆ. ಸಿಕ್ಕ ಸಂಬಳದಲ್ಲೇ ಇವಳ ಅಪ್ಪ ಓದಿದ್ದು, ಅದಕ್ಕೆ ನನಗೆ ನಾಚಿಕೆಯಿಲ್ಲ. ಆದರೆ ಒಂದು ಮುಷ್ಕರದ ದಿನ ನಮ್ಮ ಶಾಖೆಯ ಮುಚ್ಚಿದ ಶಟರಿನ ಮುಂದೆ ಒಬ್ಬ ಮುದುಕಿ ಪಾಸ್‌ಬುಕ್ ಹಿಡಿದು ನಿಂತಿದ್ದಳು. ಮಗ ಆಸ್ಪತ್ರೆಯಲ್ಲಿದ್ದಾನೆ, ಇನ್ನೂರು ರೂಪಾಯಿ ಬೇಕು ಅಂದಳು. ತಿಜೋರಿಗೆ ಎರಡು ಬೀಗದ ಕೈ. ಒಂದು ಮ್ಯಾನೇಜರ ಹತ್ತಿರ, ಇನ್ನೊಂದು ಹೆಡ್ ಕ್ಯಾಷಿಯರ ಹತ್ತಿರ. ನಾನೇನು ಮಾಡಲಿ? ಜೇಬಿನಿಂದ ಐವತ್ತು ತೆಗೆದುಕೊಡಲು ಹೋದೆ. "ನನ್ನ ದುಡ್ಡೇ ಒಳಗಿದೆಯಲ್ಲಪ್ಪ, ನಿನ್ನದು ಯಾಕೆ?" ಎಂದು ಹೊರಟುಹೋದಳು. ಆಮೇಲೆ ಅವಳ ಮಗನಿಗೇನಾಯಿತೋ ನನಗೆ ತಿಳಿಯಲಿಲ್ಲ. ವಿಮಾನ ನಿಲ್ದಾಣದಲ್ಲಿ ನಿಂತಾಗ ನೆನಪಾದದ್ದು ಅವಳೇ.

ಆದರೆ ನಾವು ಮುಷ್ಕರ ಮಾಡುವಾಗ ಮೊದಲೇ ನೋಟಿಸು ಕೊಡುತ್ತಿದ್ದೆವು, ಪತ್ರಿಕೆಯಲ್ಲಿ ಬರುತ್ತಿತ್ತು. ವಿಮಾನ, ರೈಲಿನಂಥ ಸೇವೆಗಳಲ್ಲಿ ನೋಟಿಸು ಕೊಟ್ಟು ಹದಿನಾಲ್ಕು ದಿನ ಕಾಯಬೇಕೆಂದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೇ ಇತ್ತು. "ಹುಷಾರಿಲ್ಲ" ಎಂಬುದಕ್ಕೆ ನೋಟಿಸು ಎಲ್ಲಿಂದ ಬರಬೇಕು?

ಇಷ್ಟು ಹೇಳುವಷ್ಟರಲ್ಲಿ ಸಿರಿ ನನ್ನ ತೋಳಿಗೆ ಒರಗಿ ನಿದ್ದೆ ಹೋಗಿದ್ದಳು. ಸಕಲೇಶಪುರದ ಬಳಿ ಬಸ್ಸು ನಿಂತಾಗ ಚಳಿ, ಬಿಸಿ ಚಹಾ. ಶಿರಾಡಿ ಘಾಟಿಯ ತಿರುವುಗಳಲ್ಲಿ ನನ್ನ ಸೊಂಟವೂ ಅಕ್ಕನ ಸೊಂಟದ ಹಾಗಾದೀತೆಂದು ಹೆದರಿದೆ. ಬೆಳಗಾಗುವ ಹೊತ್ತಿಗೆ ಕಿಟಕಿಯಾಚೆ ಅಡಿಕೆ ತೋಟಗಳು ಕಂಡವು. ಬಿಜೈ ನಿಲ್ದಾಣದಲ್ಲಿ ಇಳಿದಾಗ ಏಳು ಗಂಟೆ.

ಟಿಕೆಟ್ ಹಣ ಆರನೇ ದಿನ ಬಂತು. ಪರಿಹಾರಕ್ಕೆಂದು ಕಂಪನಿಗೆ ಬರೆದೆ. ಕೇಂದ್ರ ಸರ್ಕಾರದ ಏರ್‌ಸೇವಾದಲ್ಲೂ ಸಿರಿಯ ಸಹಾಯದಿಂದ ದೂರು ಹಾಕಿದೆ. ಕಾರ್ಮಿಕ ವಿವಾದ, ಆದ್ದರಿಂದ ಪರಿಹಾರವಿಲ್ಲ ಎಂದು ಉತ್ತರ ಬಂತು. ಅಂತೂ ಮುಷ್ಕರವೆಂದು ಬರವಣಿಗೆಯಲ್ಲಿ ಒಪ್ಪಿಕೊಂಡರು.

ಆ ಬೆಳಗ್ಗೆ ಆಸ್ಪತ್ರೆಯಲ್ಲಿ ಅಕ್ಕ ಹಸಿರು ನಿಲುವಂಗಿ ತೊಟ್ಟು ಮಲಗಿದ್ದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ವಿಮಾನದಲ್ಲಿ ಬರ್ತೀನಿ ಅಂದವನು ಅಂಗಿಯೆಲ್ಲಾ ಮುದುರಿಕೊಂಡು ಬಂದಿದೀಯಲ್ಲೋ. ತಿಂಡಿ ಆಯ್ತಾ?" ಎಂದಳು. ಆಗಿರಲಿಲ್ಲ. ಸಿರಿ ಉಳಿದ ಕೋಡುಬಳೆ ಹುಡುಕತೊಡಗಿದಳು. ಅತ್ತೆಗೆ ಕೊಡಬಾರದು ಪುಟ್ಟಿ, ಆಪರೇಷನ್ ಮೊದಲು ಏನೂ ತಿನ್ನುವ ಹಾಗಿಲ್ಲ ಎಂದು ನರ್ಸು ನಕ್ಕರು. "ನನಗೆ ಬೇಡ, ನನ್ನ ತಮ್ಮನಿಗೆ ಕೊಡು" ಅಂದಳು ಅಕ್ಕ.