ಹಳೇ ರೆಕಾರ್ಡ್ ಸರಣಿ 6: ಕಪ್ಪೆ, ಹಕ್ಕಿ ಮತ್ತ ಒಬ್ಬ ಸುಳ್ಳು ಪಂಡಿತ

ಇದನ್ನ ಇಯರ್‌ಫೋನ್ ಹಾಕ್ಕೊಂಡೇ ಕೇಳ್ರಿ ದೋಸ್ತರೇ. ಫೋನ್ ಸ್ಪೀಕರ್‌ದಾಗ ಮಜಾ ಬರಂಗಿಲ್ಲ.

ಮೊದಲನೇ ಫೋಟೊದಾಗಿನ ಎಲ್‌ಪಿ ಹೆಸರು ‘ಎಕ್ಸಾಟಿಕಾ’, 1957ರದು. ಮಾರ್ಟಿನ್ ಡೆನಿ ಅನ್ನೋ ಪಿಯಾನೊ ವಾದಕ ಹವಾಯಿಯ ಹೊನೊಲುಲುವಿನಲ್ಲಿ ಒಂದು ಹೋಟೆಲಿನ ಬಾರ್‌ನಲ್ಲಿ ನುಡಿಸುತ್ತಿದ್ದ. ಪಕ್ಕದಲ್ಲೇ ನೀರಿನ ಹೊಂಡ. ಇವರು ನುಡಿಸಿದ್ರ ಕಪ್ಪೆ ವಟಗುಟ್ಟತಿದ್ವು, ನಿಲ್ಲಿಸಿದ್ರ ಅವೂ ಗಪ್. ತಂಡದವರು ತಮಾಷೆಗೆ ಹಕ್ಕಿ ಕೂಗು ಸೇರಿಸಿದ್ರು. ಮರುದಿನ ಒಬ್ಬ ಗಿರಾಕಿ ಬಂದು ಆ ಹಕ್ಕಿ-ಕಪ್ಪೆ ಇರೋದನ್ನೇ ನುಡಿಸ್ರಿ ಅಂತ ಕೇಳಿದ. ಅಲ್ಲಿಂದ ಒಂದು ಶೈಲಿನೇ ಹುಟ್ಟಿತು. ವೈಬ್ರಾಫೋನ್, ಬೊಂಗೊ, ಜೊತಿಗೆ ಮನುಷ್ಯರ ಬಾಯಿಂದ ಬಂದ ಹಕ್ಕಿ ದನಿ! 1959ರಲ್ಲಿ ಇದರ ‘ಕ್ವಯಟ್ ವಿಲೇಜ್’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೇ ಸ್ಥಾನ ಮುಟ್ಟಿತು.

ಕಪ್ಪೆ ದನಿ ನಮಗೇನು ಹೊಸದಲ್ಲ ಬಿಡ್ರಿ. ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮ್ಯಾಲ ಶಹಾಪುರ, ಸುರಪುರ ಕಡೆ ಭತ್ತದ ಗದ್ದಿ ಹತ್ರ ರಾತ್ರಿ ನಿಂತ್ರ ಕಿವಿ ತೂತು ಬೀಳ್ತಾವ. ಟಿಕೆಟ್ ಇಲ್ಲ, ಅಷ್ಟೆ.

ಈಗ ಎರಡನೇ ಫೋಟೊ ನೋಡ್ರಿ. ಪೇಟಾ, ಅದರ ನಡುವೆ ಹರಳು, ನಿಮ್ಮನ್ನೇ ದಿಟ್ಟಿಸೋ ಕಣ್ಣು. ಕೋರ್ಲಾ ಪಂಡಿತ್. 1949ರಿಂದ ಲಾಸ್ ಏಂಜಲೀಸ್ ಟಿವಿಯಲ್ಲಿ ಆರ್ಗನ್ ನುಡಿಸಿದ, ಒಂದು ಮಾತೂ ಆಡದೆ. ದೆಹಲಿ ಬ್ರಾಹ್ಮಣನ ಮಗ ಅಂತ ಹೇಳಿಕೊಂಡಿದ್ದ. 1998ರಲ್ಲಿ ತೀರಿಕೊಂಡ. 2001ರಲ್ಲಿ ಒಂದು ಪತ್ರಿಕೆ ಬಯಲು ಮಾಡಿತು: ಅವನ ಖರೇ ಹೆಸರು ಜಾನ್ ರೋಲೆಂಡ್ ರೆಡ್, ಮಿಸೌರಿಯ ಆಫ್ರಿಕನ್ ಅಮೆರಿಕನ್. ಕರಿಯರಿಗೆ ಬಾಗಿಲು ಮುಚ್ಚಿದ್ದ ಕಾಲ ಅದು. ಪೇಟಾ ಸುತ್ತಿಕೊಂಡ, ಬಾಗಿಲು ತೆರೀತು. ನನಗಂತೂ ಅವನ ಮ್ಯಾಲ ಸಿಟ್ಟು ಬರಂಗಿಲ್ಲ.

ಅಂದ್ರ ನಾವೂ ಯಾರಿಗೋ ‘ಎಕ್ಸಾಟಿಕಾ’ನೇ. ಸುರಪುರದ ಟೇಲರ್ ಮಂಜಿಲ್ ಗೊತ್ತಲ್ಲ? ಆ ಮೆಡೋಸ್ ಟೇಲರ್ 1839ರಲ್ಲೇ ‘ಕನ್ಫೆಶನ್ಸ್ ಆಫ್ ಎ ಥಗ್’ ಬರೆದು, ಠಗ್ಗರ ಕತೆ ಹೇಳಿ ಇಂಗ್ಲೆಂಡಿನವರ ಮೈ ನಡುಗಿಸಿದ್ದ. ಆದ್ರ ಅವ 1841ರಲ್ಲಿ ಸುರಪುರಕ್ಕೆ ಬಂದು ಹತ್ತು ವರ್ಷಕ್ಕೂ ಹೆಚ್ಚು ಇದ್ದನಾದ್ರೂ ಇದ್ದ. ಬೆಂಗಳೂರಿನ ಹಾಸ್ಟೆಲ್‌ದಾಗ ನಾನು ಯಾದಗಿರಿ ಅಂದ ಕೂಡ್ಲೆ “ಅಲ್ಲಿ ಬರೀ ಬಿಸಿಲು ಅಲ್ವಾ?” ಅಂದವರು ರಾಯಚೂರು ಸ್ಟೇಷನ್ ಕೂಡ ದಾಟಿಲ್ಲ. ಡೆನಿ ರೆಕಾರ್ಡ್‌ದಾಗಿನ ಕಾಡೂ ಯಾವ ನಕಾಶೆದಾಗೂ ಸಿಗಂಗಿಲ್ಲ, ಆದ್ರ ಅದಕ್ಕ ಛಲೋ ರಾಗನಾದ್ರೂ ಅದ.

ಸಂಜಿಗೆ ಮಾಳಗಿ ಹತ್ತಿ ‘ಕ್ವಯಟ್ ವಿಲೇಜ್’ ಹಚ್ರಿ. ಶಹಾಪುರದವರು ಮಲಗಿದ ಬುದ್ಧನ ಗುಡ್ಡದ ಕಡೆ ಮುಖ ಮಾಡಿ ಕೂಡ್ರಿ. ಹಕ್ಕಿ ಕೂಗಿದಾಗ ಒಂದು ಕಿವಿದು ತೆಗೀರಿ, ಯಾವುದು ರೆಕಾರ್ಡಿಂದು, ಯಾವುದು ನಮ್ಮೂರಿಂದು ನೋಡೋಣ.

ಮುಂದಿನ ಭಾಗ: ಹವಾಯಿ ಗಿಟಾರ್‌ದಾಗ ಹಿಂದಿ ಸಿನಿಮಾ ಹಾಡು ನುಡಿಸಿದ ವ್ಯಾನ್ ಶಿಪ್ಲಿ.

#ಹಳೇರೆಕಾರ್ಡ್ #ಯಾದಗಿರಿ #ಶಹಾಪುರ #ಸುರಪುರ