ಎಡೊರಾಸ್ ಗುಡ್ಡದಲ್ಲಿ ಅಪ್ಪಯ್ಯ

ಊರಿನಿಂದ ಹಿರಿಯರು ಬರುತ್ತಾರೆಂದರೆ ಆಕ್ಲೆಂಡಿನ ಕನ್ನಡಿಗರ ಮನೆಗಳಲ್ಲಿ ಒಂದು ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಸ್ಕೈ ಟವರ್, ರೊಟೊರುವಾದ ಬಿಸಿನೀರಿನ ಬುಗ್ಗೆಗಳು, ವೈಟೊಮೊ ಗುಹೆಯ ಮಿಣುಕುಹುಳುಗಳು, ಬಿಡುವೂ ಹಣವೂ ಇದ್ದರೆ ಕ್ವೀನ್ಸ್‌ಟೌನ್. ಕಳೆದ ಏಪ್ರಿಲ್ ರಜೆಯಲ್ಲಿ ಅಪ್ಪಯ್ಯ ಬಂದಾಗ ಈ ಪಟ್ಟಿಯನ್ನು ನಮ್ಮ ಕೈಯಿಂದ ಕಸಿದುಕೊಂಡವಳು ಹದಿನಾಲ್ಕರ ಮಗಳು. ‘ಅಜ್ಜನಿಗೆ ನಾನು ಲಾರ್ಡ್ ಆಫ್ ದ ರಿಂಗ್ಸ್ ತೋರಿಸುತ್ತೇನೆ’ ಎಂದಳು. ಪರದೆಯ ಮೇಲಲ್ಲ, ನೆಲದ ಮೇಲೆ.

ಅಪ್ಪಯ್ಯನೆಂದರೆ ನಮ್ಮಿಬ್ಬರಲ್ಲಿ ಒಬ್ಬರ ತಂದೆ, ಮತ್ತೊಬ್ಬರ ಮಾವ. ಎಪ್ಪತ್ತು ದಾಟಿದವರು, ಸಾಗರ ತಾಲ್ಲೂಕಿನವರು, ಮಾತು ಕಡಿಮೆ. ರಾಜಕುಮಾರರ ಕಾಲದ ಚಿತ್ರಗಳ ಆಚೆಗೆ ಅವರು ಬಹಳ ಹೋದವರಲ್ಲ. ಆದರೂ ಮೊಮ್ಮಗಳ ಪಕ್ಕದಲ್ಲಿ ಮೂರು ಸಂಜೆ ಕುಳಿತು ಮೂರೂ ಭಾಗಗಳನ್ನು ನೋಡಿದರು. ಕಥೆ ಎಷ್ಟು ಹಿಡಿಸಿತೋ ಕಾಣೆವು. ಕುದುರೆಗಳು ಚೆನ್ನಾಗಿವೆ ಎಂದರು.

ಈ ಚಿತ್ರಗಳ ವಿಷಯದಲ್ಲಿ ನಾವೂ ನಿರ್ದೋಷಿಗಳಲ್ಲ. ಬೆಂಗಳೂರಿನ ಚಿತ್ರಮಂದಿರವೊಂದರಲ್ಲಿ ಮೊದಲ ಭಾಗ ನೋಡಿ ಹೊರಬಂದ ರಾತ್ರಿ, ಆ ಹಸಿರು, ಆ ಹಿಮಶಿಖರಗಳು ನಿಜವಾಗಿ ಎಲ್ಲಿಯಾದರೂ ಇರಬಹುದೇ ಎಂದು ಬಸ್ ನಿಲ್ದಾಣದವರೆಗೂ ವಾದಿಸಿದ್ದೆವು. ಮುಂದೆ ಈ ದೇಶಕ್ಕೆ ಬರುವ ತೀರ್ಮಾನದಲ್ಲಿ ಆ ರಾತ್ರಿಯ ಪಾಲೂ ಇತ್ತು. ವೀಸಾ ಅರ್ಜಿಯಲ್ಲಿ ಮಾತ್ರ ಅದನ್ನು ಬರೆಯಲಿಲ್ಲ. ಪೀಟರ್ ಜ್ಯಾಕ್ಸನ್ 1999ರ ಅಕ್ಟೋಬರಿನಿಂದ 2000ದ ಡಿಸೆಂಬರಿನವರೆಗೆ ಮೂರೂ ಭಾಗಗಳನ್ನು ಒಟ್ಟಿಗೇ ಇಲ್ಲಿ ಚಿತ್ರೀಕರಿಸಿದರು. 2001, 2002, 2003ರಲ್ಲಿ ಒಂದೊಂದಾಗಿ ತೆರೆಕಂಡವು. ಕೊನೆಯದಕ್ಕೆ ಹನ್ನೊಂದು ಆಸ್ಕರ್‌ಗಳು ಬಂದವು. ಅಂದಿನಿಂದ ಈ ದೇಶದ ಗುಡ್ಡ, ಹೊಳೆ, ಕಾಡುಗಳಿಗೆ ಎರಡೆರಡು ಹೆಸರುಗಳು. ಮಾವೊರಿ ಹೆಸರನ್ನೂ ಸೇರಿಸಿದರೆ ಕೆಲವಕ್ಕೆ ಮೂರು.

ಮೊದಲು ಹೋದದ್ದು ಮಟಮಟದ ಹಾಬಿಟನ್ನಿಗೆ. ಆಕ್ಲೆಂಡಿನಿಂದ ಎರಡು ಗಂಟೆಯ ದಾರಿ. ನಮ್ಮಲ್ಲಿ ಬಹುಪಾಲು ಜನ ಒಂದಲ್ಲ ಒಂದು ಸಲ ಹೋಗಿ ಬಂದವರೇ, ವರ್ಣನೆ ಬೇಕಿಲ್ಲ. ಒಂದು ಸಂಗತಿಯನ್ನು ಮಾತ್ರ ಹೇಳಬೇಕು. 1998ರಲ್ಲಿ ಚಿತ್ರತಂಡದವರು ಆಕಾಶದಿಂದ ಹುಡುಕುತ್ತ ಈ ಕುರಿಸಾಕಣೆಯ ಜಮೀನನ್ನು ಕಂಡರು. ನ್ಯೂಜಿಲೆಂಡಿನ ಸೇನೆಯ ಯಂತ್ರಗಳು ಬಂದು ರಸ್ತೆ ಕಡಿದವು. ಅಂದು ಕಟ್ಟಿದ ಮನೆಗಳು ಹಸಿಮರ, ಪ್ಲೈವುಡ್, ಥರ್ಮೋಕೋಲಿನ ತಾತ್ಕಾಲಿಕ ರಚನೆಗಳು. ಚಿತ್ರೀಕರಣ ಮುಗಿದ ಮೇಲೆ ಕೆಡವುವುದಕ್ಕೆಂದೇ ಕಟ್ಟಿದವು. ಕೆಡವುವ ಕೆಲಸ ಅರ್ಧದಲ್ಲಿ ನಿಂತು, ಉಳಿದ ಬೋಳು ಗೋಡೆಗಳನ್ನು ನೋಡಲಿಕ್ಕೇ ಜನ ಬರತೊಡಗಿದರು. 2009ರಿಂದ 2011ರವರೆಗೆ ‘ಹಾಬಿಟ್’ ಚಿತ್ರಗಳಿಗಾಗಿ ಎಲ್ಲವನ್ನೂ ಮತ್ತೆ ಕಟ್ಟಿದಾಗ ಶಾಶ್ವತವಾಗಿಯೇ ಕಟ್ಟಿದರು. ಈಗ ನಲವತ್ತನಾಲ್ಕು ಮನೆಗಳಿವೆ. ತೋಟಗಾರರು ದಿನವೂ ಗಿಡಗಳನ್ನು ಕತ್ತರಿಸುತ್ತಾರೆ. ಹಗ್ಗದ ಮೇಲೆ ಪುಟ್ಟ ಬಟ್ಟೆಗಳು ಒಣಗುತ್ತಿರುತ್ತವೆ. ಬಿಲ್ಬೊನ ಮನೆಯ ಮೇಲಿನ ಓಕ್ ಮರ ಉಕ್ಕಿನದು, ಎಲೆಗಳು ಕೃತಕ.

ಅಪ್ಪಯ್ಯ ಒಂದು ಹಳದಿ ಬಾಗಿಲಿನ ಮುಂದೆ ನಿಂತರು. ಅದರ ಚೌಕಟ್ಟನ್ನು ಗೇಣಿನಿಂದ ಅಳೆದರು. ಗುಂಡಗಿನ ಬಾಗಿಲಿಗೆ ಕೀಲು ಹೇಗೆ ಕೂರಿಸಿದ್ದಾರೆಂದು ಬಾಗಿ ನೋಡಿದರು. ಆಮೇಲೆ, ಊರಿನಲ್ಲಿ ಯಾರ ಮನೆಗೋ ಹೋದವರಂತೆ, ಮೆಲ್ಲಗೆ ತಟ್ಟಿದರು. ನಮ್ಮ ಗುಂಪಿನಲ್ಲಿದ್ದವರೆಲ್ಲ ನಕ್ಕರು. ಮಾರ್ಗದರ್ಶಿ ಹುಡುಗಿಯೂ ನಗುತ್ತ, ಇದರ ಹಿಂದೆ ಬರೀ ಮಣ್ಣು ಎಂದಳು. 2023ರ ಕೊನೆಯಿಂದ ಒಳಗೂ ಹೋಗಬಹುದಾದ ಮನೆಗಳನ್ನು ತೆರೆದಿದ್ದಾರೆ. ಅಲ್ಲಿ ಅಡುಗೆಮನೆಯಿದೆ, ಉಗ್ರಾಣವಿದೆ, ಮೇಜಿನ ಮೇಲೆ ಬರೆದು ಬಿಟ್ಟ ಕಾಗದವಿದೆ. ಅಪ್ಪಯ್ಯ ಎಲ್ಲವನ್ನೂ ಮುಟ್ಟಿ ನೋಡಿದರು. ಹಸಿರು ಡ್ರ್ಯಾಗನ್ನಿನ ಹೋಟೆಲಿನಲ್ಲಿ ಕೊಟ್ಟ ಜಿಂಜರ್ ಬಿಯರನ್ನು ಶುಂಠಿಯ ಪಾನಕವೆಂದೇ ಒಪ್ಪಿಕೊಂಡು ಕುಡಿದರು. ಕಾರು ಹತ್ತುವಾಗ ಒಂದೇ ಮಾತು ಅಂದರು: ‘ಯಾರೂ ಇರದ ಮನೆಗೆ ಎಷ್ಟು ಆರೈಕೆ ಮಾಡ್ತಾರೆ.’

ಆ ಮಾತಿನ ಧ್ವನಿ ನಮಗೆ ಹಿಡಿಸಲಿಲ್ಲ. ಮಗಳ ಉತ್ಸಾಹಕ್ಕೆ ತಣ್ಣೀರೆರಚಿದಂತಾಯಿತೆಂದು ಒಳಗೊಳಗೇ ಸ್ವಲ್ಪ ಬೇಸರಿಸಿಕೊಂಡೆವು.

ಮುಂದಿನ ಮೂರು ದಿನಗಳನ್ನು ಬೇಗನೆ ಹೇಳಿ ಮುಗಿಸಬಹುದು. ಟೊಂಗರಿರೊ ರಾಷ್ಟ್ರೀಯ ಉದ್ಯಾನದಲ್ಲಿ ಮೋಡ ಸರಿದು, ಚಿತ್ರದ ‘ಮೌಂಟ್ ಡೂಮ್’ ಆಗಿದ್ದ ಙೌರುಹೋಎ ಪರ್ವತ ಕಂಡಿತು. (ವರ್ಣಮಾಲೆಯಲ್ಲಿ ಕಲಿತು ಮುಂದೆ ಎಂದೂ ಬರೆಯದ ‘ಙ’ಕಾರ ಇಷ್ಟು ದೂರದಲ್ಲಿ ಪದದ ಮೊದಲ ಅಕ್ಷರವಾಗಿ ಕುಳಿತಿರುವುದು ನಮಗೆ ಪ್ರತಿ ಸಲವೂ ಖುಷಿ ಕೊಡುತ್ತದೆ.) ಅದರ ಶಿಖರ ಮಾವೊರಿ ಜನರಿಗೆ ಪವಿತ್ರ, ಆದ್ದರಿಂದ ಅಲ್ಲಿ ಚಿತ್ರೀಕರಿಸದೆ ಪಕ್ಕದ ರುಅಪೆಹುವಿನ ಇಳಿಜಾರುಗಳನ್ನು ಬಳಸಿದರೆಂದು ಮಗಳು ಹೇಳಿದಾಗ ಅಪ್ಪಯ್ಯ ಕಾರಿನಲ್ಲಿ ಕುಳಿತೇ ಕೈಮುಗಿದರು. ವೆಲಿಂಗ್ಟನ್ನಿನ ವಿಕ್ಟೋರಿಯಾ ಗುಡ್ಡದ ಕಾಡುದಾರಿಯಲ್ಲಿ, ಕರಿಯ ಸವಾರನಿಂದ ಹಾಬಿಟ್‌ಗಳು ಅಡಗಿದ ಜಾಗದಲ್ಲಿ, ಎಲ್ಲರಂತೆ ನಾವೂ ಅಡಗಿ ಫೋಟೋ ತೆಗೆಸಿಕೊಂಡೆವು. ರಿವೆಂಡೆಲ್ ಆಗಿದ್ದ ಕೈಟೋಕೆ ಉದ್ಯಾನದಲ್ಲಿ ಮಳೆ. ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು ಹೊರಟೆವು.

ವಿಮಾನದಲ್ಲಿ ಕ್ರೈಸ್ಟ್‌ಚರ್ಚಿಗೆ ಹೋಗಿ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಮೌಂಟ್ ಸಂಡೇಗೆ ಹೋದದ್ದು ಪ್ರವಾಸದ ಕೊನೆಯ ದಿನ. ರೋಹನ್ ರಾಜ್ಯದ ರಾಜಧಾನಿ ಎಡೊರಾಸ್ ಇದ್ದದ್ದು ಇಲ್ಲಿ. ಹೋಗಬಯಸುವವರಿಗೆ ಒಂದೆರಡು ಸೂಚನೆ: ಮೌಂಟ್ ಸೋಮರ್ಸ್ ಹಳ್ಳಿ ದಾಟಿದ ಮೇಲೆ ಪೆಟ್ರೋಲ್ ಸಿಗದೆಂದು ತಿಳಿದೇ ಹೊರಡಿ; ಹಕತೆರೆಯಿಂದಾಚೆ ಜಲ್ಲಿಯ ರಸ್ತೆ; ನಮ್ಮ ಮೊಬೈಲುಗಳು ಅಲ್ಲಿ ಮೌನವಾದವು. ಕ್ಲಿಯರ್‌ವಾಟರ್ ಸರೋವರ ಕಳೆದು ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ರಂಗಿಟಾಟ ನದಿಯ ಕಣಿವೆ ತೆರೆದುಕೊಳ್ಳುತ್ತದೆ. ನದಿ ಒಂದಾಗಿ ಹರಿಯುವುದಿಲ್ಲ. ಹರಳುಗಲ್ಲಿನ ಹಾಸಿನ ಮೇಲೆ ಹತ್ತಾರು ಎಳೆಗಳಾಗಿ, ಬಿಚ್ಚಿದ ಜಡೆಯಂತೆ ಹರಡಿಕೊಂಡಿದೆ. ಸುತ್ತ ಹಿಮದ ಬೆಟ್ಟಗಳು, ನಡುವೆ ಒಂಟಿ ಗುಡ್ಡ. ಸುತ್ತಲಿನ ಕುರಿಸಾಕಣೆಗಳ ಕಾವಲುಗಾರರು ಭಾನುವಾರಗಳಂದು ಇಲ್ಲಿ ಸೇರುತ್ತಿದ್ದರಂತೆ, ಅದಕ್ಕೇ ಆ ಹೆಸರು.

ಈ ಗುಡ್ಡದ ತುದಿಯಲ್ಲಿ ತಿಂಗಳುಗಟ್ಟಲೆ ಶ್ರಮಿಸಿ ರಾಜ ಥಿಯೊಡೆನ್‌ನ ಸುವರ್ಣ ಸಭಾಗೃಹವನ್ನೂ ಇಳಿಜಾರಿನಲ್ಲಿ ಹುಲ್ಲು ಹೊದಿಸಿದ ಮನೆಗಳನ್ನೂ ಕಟ್ಟಿದ್ದರು. ಚಿತ್ರೀಕರಣ ಮುಗಿದೊಡನೆ ಎಲ್ಲವನ್ನೂ ಬಿಚ್ಚಿ ಸಾಗಿಸಿದರು. ಇಂದು ಅಲ್ಲಿ ಒಂದು ಕಂಬವೂ ಇಲ್ಲ. ಇಷ್ಟು ದೂರ ಬಂದು ಅಪ್ಪಯ್ಯನಿಗೆ ತೋರಿಸಲು ಏನೂ ಇಲ್ಲವಲ್ಲ ಎಂಬ ಅಳುಕು ನಮ್ಮದು. ಹಾಬಿಟನ್ನೇ ರುಚಿಸದವರಿಗೆ ಈ ಬೋಳುಗುಡ್ಡ ಏನು ರುಚಿಸೀತು?

ದಾರಿಯಲ್ಲಿ ತೊರೆಗೆ ಅಡ್ಡಲಾಗಿ ತೂಗುವ ಕಾಲುಸೇತುವೆ ಬಂದಾಗ ಅವರು ‘ಓ, ಸಂಕ!’ ಎಂದರು. ನಮ್ಮ ಕೈ ಹಿಡಿಯದೆ ದಾಟಿದರು. ಕೊನೆಯ ಏರು ಕಡಿದು. ನಿಂತು ನಿಂತು ಹತ್ತಿದರು. ತುದಿಯಲ್ಲಿ ಗಾಳಿ ಎಷ್ಟೆಂದರೆ ಟೋಪಿ ಹಿಡಿದ ಕೈ ಬಿಡುವಂತಿರಲಿಲ್ಲ. ಎರಡನೆಯ ಭಾಗದಲ್ಲಿ ರಾಜಕುಮಾರಿ ಎಯೊವಿನ್ ನಿಂತಿದ್ದಾಗ ಧ್ವಜವೊಂದು ಕಿತ್ತುಹೋಗಿ ಹಾರುವ ದೃಶ್ಯ ನೆನಪಿರುವವರಿಗೆ ಆ ಗಾಳಿ ಹೊಸದಲ್ಲ.

ಅಪ್ಪಯ್ಯ ಸುತ್ತ ನೋಡಿದರು. ‘ಪುಟ್ಟೀ, ಅರಮನೆ ಎಲ್ಲಿತ್ತು? ತೋರಿಸು.’

ಮಗಳು ಮೊದಲೇ ಫೋನಿನಲ್ಲಿ ಉಳಿಸಿಕೊಂಡಿದ್ದ ಚಿತ್ರಗಳನ್ನು ತೆಗೆದಳು. ಹಿಂದಿನ ಬೆಟ್ಟದ ಗೆರೆಗೆ ಚಿತ್ರದ ಗೆರೆಯನ್ನು ಹೊಂದಿಸಿ, ಎರಡು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಹಿಂದಕ್ಕೆ ಸರಿದು, ‘ಇಲ್ಲಿ ಮೆಟ್ಟಿಲು. ಇಲ್ಲಿ ಬಾಗಿಲು. ಅಲ್ಲಿ ಕೆಳಗೆ ಊರಿನ ಹೆಬ್ಬಾಗಿಲು. ಕುದುರೆಗಳು ಆ ಕಡೆಯಿಂದ ಬಂದವು’ ಎಂದು ಓಡಾಡಿ ತೋರಿಸಿದಳು. ಅವಳು ಹೇಳಿದ ಕಡೆಗೆಲ್ಲ ಅಪ್ಪಯ್ಯ ಹೋಗಿ ನಿಂತರು. ಬಾಗಿಲು ಎಂದಲ್ಲಿ ಸ್ವಲ್ಪ ಬಾಗಿ ದಾಟಿದ್ದನ್ನು ನಾವಿಬ್ಬರೂ ನೋಡಿದೆವು.

ಆಮೇಲೆ ಗಾಳಿಗೆ ಮರೆಯಾದ ಒಂದು ಬಂಡೆಯ ಬಳಿ ಕುಳಿತು ಅವರು ನಾಲ್ಕಾರು ಕಲ್ಲುಗಳನ್ನು ಆಯ್ದರು. ‘ಈಗ ನಮ್ಮ ಮನೆ ಎಲ್ಲಿತ್ತು, ನಾನು ತೋರಿಸ್ತೇನೆ’ ಎಂದರು.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅಪ್ಪಯ್ಯನದೂ ಒಂದು; ಆಗ ಅವರಿಗೆ ಹನ್ನೆರಡು. ಇಷ್ಟು ನಮಗೆ ಗೊತ್ತಿತ್ತು, ಇದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಮನೆಯಲ್ಲಿ ಆ ಮಾತು ಬರುತ್ತಿರಲಿಲ್ಲ. ಹೊಳೆಬಾಗಿಲಿನಿಂದ ಲಾಂಚಿನಲ್ಲಿ ಸಿಗಂದೂರಿಗೆ ಹೋಗುವಾಗಲೆಲ್ಲ ಅವರು ನೀರಿಗೆ ಬೆನ್ನು ಹಾಕಿ, ಲಾಂಚಿನಲ್ಲಿ ನಿಂತ ವಾಹನಗಳನ್ನು ನೋಡುತ್ತ ನಿಲ್ಲುತ್ತಿದ್ದರು. ಗಿರೀಶ ಕಾಸರವಳ್ಳಿಯವರು ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿ ಮಾಡಿದ, ಮುಳುಗಡೆಯ ಕಥೆಯ ‘ದ್ವೀಪ’ ಚಿತ್ರ ಟಿ.ವಿ.ಯಲ್ಲಿ ಬಂದಾಗ ಅರ್ಧದಲ್ಲಿ ಎದ್ದು ಕೊಟ್ಟಿಗೆಯ ಕಡೆ ಹೋಗಿದ್ದರು. ರಾಷ್ಟ್ರಪ್ರಶಸ್ತಿ ಬಂದ ಚಿತ್ರವನ್ನೂ ನೋಡುವ ವ್ಯವಧಾನವಿಲ್ಲ ಎಂದು ಅಂದು ನಾವು ಅಂದುಕೊಂಡಿದ್ದೆವು.

ಮೌಂಟ್ ಸಂಡೇಯ ಹುಲ್ಲಿನ ಮೇಲೆ ಅವರು ಒಂದು ಕಲ್ಲಿಟ್ಟು ಜಗಲಿ ಎಂದರು. ಅದರ ಮುಂದೆ ಅಂಗಳ, ತುಳಸಿಕಟ್ಟೆ. ಬಲಕ್ಕೆ ಕೊಟ್ಟಿಗೆ, ಹಿಂದೆ ಬಚ್ಚಲುಮನೆ, ಅದರ ನೀರು ಹರಿದು ಹೋಗುವಲ್ಲಿ ಬಾಳೆ. ಇಳಿಜಾರಿನಲ್ಲಿ ಅಡಿಕೆ ತೋಟ, ಆಚೆ ಗದ್ದೆ, ಗದ್ದೆಯಾಚೆ ಹೊಳೆ. ಹೊಳೆಗೆಂದು ಕಲ್ಲಿಡಲಿಲ್ಲ, ಕೈಯೆತ್ತಿ ಕೆಳಗಿನ ರಂಗಿಟಾಟವನ್ನೇ ತೋರಿಸಿದರು. ಊರು ಬಿಡುವ ಮೊದಲು ಮನೆಯನ್ನು ಅವರೇ ಬಿಚ್ಚಿದರಂತೆ. ಹೆಂಚು ಇಳಿಸಿ, ತೊಲೆ ಕಳಚಿ, ಗಾಡಿಗೆ ಹೇರಿದರು. ಕೊನೆಗೆ ತೆಗೆದದ್ದು ಮುಂಬಾಗಿಲು. ಬಾಗಿಲಿಲ್ಲದ ಗೋಡೆಗಳ ನಡುವೆ ಅವರ ಅಜ್ಜಿ ಒಂದು ರಾತ್ರಿ ದೀಪ ಹಚ್ಚಿಟ್ಟುಕೊಂಡು ಕುಳಿತಿದ್ದರಂತೆ.

‘ಅದೇ ಬಾಗಿಲು ಈಗ ನಮ್ಮನೇಲಿರೋದು’ ಎಂದರು.

ಸಾಗರದ ಬಳಿಯ ನಮ್ಮ ಮನೆಯ ಮುಂಬಾಗಿಲು ಗಿಡ್ಡ, ಆದರೆ ಬಹಳ ದಪ್ಪ. ಮನೆಗೆ ಸ್ವಲ್ಪವೂ ಒಪ್ಪುವುದಿಲ್ಲ. ಬಂದವರೆಲ್ಲ ತಲೆ ತಾಗಿಸಿಕೊಳ್ಳುತ್ತಾರೆ. ನಮ್ಮಲ್ಲೊಬ್ಬರು ಹದಿನೇಳು ವರ್ಷ ಆ ಬಾಗಿಲಿನಿಂದ ಶಾಲೆ ಕಾಲೇಜಿಗೆ ಹೋಗಿ ಬಂದವರು; ಇನ್ನೊಬ್ಬರು ಮದುವೆಯಾದ ದಿನ ಅದರ ಹೊಸ್ತಿಲು ದಾಟಿ ಒಳಗೆ ಬಂದವರು. ಹೊಸ ಬಾಗಿಲು ಹಾಕಿಸೋಣವೆಂದು ನಾವೇ ಎರಡು ಸಲ ಹಣ ಕಳಿಸುವ ಮಾತಾಡಿದ್ದೆವು. ಅಪ್ಪಯ್ಯ ಬೇಡ ಎಂದಿದ್ದರು. ಕಾರಣ ಹೇಳಿರಲಿಲ್ಲ, ನಾವು ಕೇಳಿರಲೂ ಇಲ್ಲ. ಹಾಬಿಟನ್ನಿನಲ್ಲಿ ಅವರು ಚೌಕಟ್ಟನ್ನು ಗೇಣಿನಿಂದ ಅಳೆದದ್ದು ಏಕೆಂದು ಆಗ ಹೊಳೆಯಿತು.

ಮಗಳು ಕಲ್ಲುಗಳ ಫೋಟೋ ತೆಗೆದಳು. ಆಮೇಲೆ ಪುಸ್ತಕ ತೆಗೆದು ನಕ್ಷೆ ಬರೆಯಲು ಕುಳಿತಳು. ಬಾವಿ ಎಲ್ಲಿ, ಸಂಕ ಎಲ್ಲಿ, ಚೌಡಿಯ ಬನ ಮನೆಯಿಂದ ಎಷ್ಟು ದೂರ ಎಂದು ಒಂದೊಂದಾಗಿ ಕೇಳಿದಳು. ಅಪ್ಪಯ್ಯ ಉತ್ತರಿಸುತ್ತ ಹೋದರು. ಕೆಲವು ಕಡೆ ತಡವರಿಸಿದರು. ಬಾವಿ ತೋಟದ ಈಚೆಗೋ ಆಚೆಗೋ ಎಂಬಲ್ಲಿ ಕಲ್ಲನ್ನು ಮೂರು ಸಲ ಬದಲಿಸಿದರು. ಒಟ್ಟು ಒಂದೂವರೆ ಗಂಟೆ ಆ ಗಾಳಿಯಲ್ಲಿ ಕುಳಿತಿದ್ದೆವು. ಆಗ ಬಂದ ಜರ್ಮನ್ ದಂಪತಿಗಳು ಇದು ಚಿತ್ರದ ಯಾವ ಭಾಗದ್ದೆಂದು ಮಗಳನ್ನು ಕೇಳಿದರು. ಇದು ಬೇರೆ ಊರಿನದು ಎಂದಳು.

ಹೊರಡುವಾಗ ಅಪ್ಪಯ್ಯ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಮೊದಲಿದ್ದ ಕಡೆ ಇಟ್ಟರು.

ಕಾರಿನಲ್ಲಿ ಮಗಳು ಕೇಳಿದಳು: ‘ನೀರು ಕಡಿಮೆಯಾದಾಗ ಊರು ಕಾಣಿಸುತ್ತದೆಯೇ ಅಜ್ಜ?’ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ, ಲಿಂಗನಮಕ್ಕಿಗಿಂತ ಮೊದಲು ಕಟ್ಟಿ 1948ರಲ್ಲಿ ಮುಗಿಸಿದ ಮಡೆನೂರಿನ ಹಳೆಯ ಅಣೆಕಟ್ಟು ನೀರಿನಿಂದ ಮೇಲೇಳುವುದನ್ನು ಊರಿನ ಕಡೆಯವರು ಬಲ್ಲರು. ಅಣೆಕಟ್ಟೇ ಮುಳುಗಡೆಯಾದ ವಿಚಿತ್ರ ಅದು. ಒಳ್ಳೆಯ ಬರ ಬಿದ್ದ ವರ್ಷ ತಮ್ಮ ಊರಿನ ನೆಲವೂ ಕಾಣುತ್ತದೆಂದು ಅಪ್ಪಯ್ಯ ಹೇಳಿದರು. ಒಂದು ಸಲ ಒಬ್ಬರೇ ಹೋಗಿದ್ದರಂತೆ. ಯಾವ ವರ್ಷವೆಂದು ಹೇಳಲಿಲ್ಲ. ಮನೆಯಲ್ಲಿ ಅಡಿಕೆ ಮಂಡಿಗೆ ಎಂದು ಹೇಳಿ ಹೋಗಿರಬೇಕು.

ನೀರು ತಳ ಮುಟ್ಟುವುದು ಮೇ ಕೊನೆಯಿಂದ, ಮುಂಗಾರು ಕಾಲಿಡುವವರೆಗೆ. ಇಲ್ಲಿನ ಶಾಲೆಗಳ ರಜೆ ಏಪ್ರಿಲಿನಲ್ಲಿ, ಮತ್ತೆ ಜುಲೈಯಲ್ಲಿ. ಜುಲೈಗೆ ಎಲ್ಲವೂ ಮತ್ತೆ ನೀರಿನಡಿ. ಆದ್ದರಿಂದ ಮುಂದಿನ ವರ್ಷ ಮಗಳಿಗೆ ಎರಡು ವಾರ ರಜೆ ಬೇಡಿ ಶಾಲೆಗೆ ಪತ್ರ ಬರೆಯಬೇಕಾಗಿದೆ. ಕಾರಣವೆಂಬ ಸಾಲಿನಲ್ಲಿ ಏನು ಬರೆಯುವುದೆಂದು ಇನ್ನೂ ತೀರ್ಮಾನವಾಗಿಲ್ಲ. ಅವಳ ನಕ್ಷೆಯ ಒಂದು ಪ್ರತಿಯನ್ನು ಅಪ್ಪಯ್ಯ ಊರಿಗೆ ಒಯ್ದಿದ್ದಾರೆ. ಮೊನ್ನೆ ಫೋನಿನಲ್ಲಿ ಬಾವಿ ತೋಟದ ಆಚೆಗೇ ಇತ್ತು, ತಿದ್ದಿಕೊಳ್ಳಲು ಹೇಳಿ ಎಂದರು.